ಫಿಲ್ಮ್, ವಿಡಿಯೊ, ಫೋಟೋಗ್ರಫಿ: ಯಾವ ಕೋರ್ಸು, ಯಾವ ಕಾಲೇಜು?

ಪ್ರಶ್ನೆ: ಸರ್, ನನ್ನ ಶಾಲೆ ಮುಗಿಯುತ್ತಾ ಬಂತು. ಎರಡು ವರ್ಷದಿಂದ ಫೋಟೊ ತೆಗೆಯುತ್ತಿದ್ದೇನೆ, ಈಚೆಗೆ ಫೋನಿನಲ್ಲೇ ಸಣ್ಣ ಸಣ್ಣ ವಿಡಿಯೊ ಮಾಡುತ್ತಿದ್ದೇನೆ. ಮುಂದೆಯೂ ಇದನ್ನೇ ಓದಬೇಕು ಅಂತ ಆಸೆ. ಮೂರು ದಾರಿ ಕಾಣುತ್ತಿವೆ. ಒಂದು, ದೊಡ್ಡ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಫಿಲ್ಮ್ ಡಿಗ್ರಿ. ಹೆಸರುವಾಸಿ, ಫೀಸೂ ಜಾಸ್ತಿ. ಎರಡು, ಎರಡು ವರ್ಷದ ವಿಡಿಯೊ ಪ್ರೊಡಕ್ಷನ್ ಡಿಪ್ಲೊಮಾ. ಮೂರು, ಕಲಾ ಕಾಲೇಜೊಂದರ ಫೋಟೋಗ್ರಫಿ ವಿಭಾಗ, ಅಲ್ಲಿ ವಿಡಿಯೊ ಪೇಪರನ್ನೂ ತೆಗೆದುಕೊಳ್ಳಬಹುದಂತೆ. ಅಪ್ಪ ‘ಕೆಲಸ ಸಿಗುತ್ತಾ’ ಅಂತ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ. ಹನ್ನೆರಡು ಫೋಟೊ ಮತ್ತು ಒಬ್ಬ ದರ್ಜಿಯ ಬಗ್ಗೆ ಮಾಡಿದ ಮೂರು ನಿಮಿಷದ ವಿಡಿಯೊ ಕಳಿಸಿದ್ದೇನೆ. ಯಾವುದನ್ನು ಆರಿಸಲಿ?

ಉತ್ತರ: ಫೋಟೊಗಳನ್ನೂ ನೋಡಿದೆ, ವಿಡಿಯೊವನ್ನೂ ಎರಡು ಸಲ ನೋಡಿದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ‘ಯಾವ ಕಾಲೇಜು ಒಳ್ಳೆಯದು’ ಅನ್ನುವ ಪ್ರಶ್ನೆಗೆ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ನೀವು ಎಷ್ಟು ಕೆಲಸ ಮಾಡಿ ಮುಗಿಸುತ್ತೀರಿ, ಆ ಕೆಲಸವನ್ನು ಯಾರು ಕೂತು ನೋಡುತ್ತಾರೆ? ಕಟ್ಟಡ, ಕ್ಯಾಮೆರಾ, ಹಳೆಯ ವಿದ್ಯಾರ್ಥಿಗಳ ಹೆಸರು ಎಲ್ಲ ಆಮೇಲಿನ ಮಾತು.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸೋಣ. ಫಿಲ್ಮ್, ವಿಡಿಯೊ, ಫೋಟೋಗ್ರಫಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮೂರಕ್ಕೂ ಕ್ಯಾಮೆರಾ ಬೇಕು, ಅದೇನೋ ನಿಜ. ಆದರೆ ದಿನ ಕಳೆಯುವ ರೀತಿ ಮೂರರಲ್ಲೂ ಬೇರೆ ಬೇರೆ. ಫೋಟೋಗ್ರಾಫರ್ ಹೆಚ್ಚಾಗಿ ಒಬ್ಬರೇ ಇರುತ್ತಾರೆ, ತಪ್ಪಿದರೂ ಗೆದ್ದರೂ ಅವರದೇ. ನಾನೂರು ಫ್ರೇಮ್ ತೆಗೆದು ಹನ್ನೆರಡು ಉಳಿಸಿಕೊಳ್ಳುವುದೇ ಅರ್ಧ ಕೆಲಸ. ಸಿನಿಮಾ ಹಾಗಲ್ಲ. ಇಪ್ಪತ್ತು ಜನ ಸೇರಿ, ಅದರಲ್ಲಿ ಹದಿನೈದು ಜನ ಕಾಯುತ್ತಾ, ಲೈಟು ಸರಿಯಾಗುವ ತನಕ ಕೂತು, ಕೊನೆಗೆ ಒಂದು ನಿಮಿಷದ ಶಾಟ್ ತೆಗೆಯುತ್ತಾರೆ. ಜನರನ್ನು ಕಂಡರೆ ಆಗದವರಿಗೆ ಇದು ಹಿಂಸೆ. ಇನ್ನು ವಿಡಿಯೊ ಅಂದರೆ ಕಂಪನಿಗಳಿಗೆ, ಸಂಸ್ಥೆಗಳಿಗೆ, ಸುದ್ದಿಗೆ, ಜಾಹೀರಾತಿಗೆ ಮಾಡುವ ಕೆಲಸ. ಅಲ್ಲಿ ಒಬ್ಬರೇ ಶೂಟ್ ಮಾಡಿ, ಒಬ್ಬರೇ ಸೌಂಡ್ ಹಿಡಿದು, ಒಬ್ಬರೇ ಎಡಿಟ್ ಮಾಡಿ ನಾಳೆ ಬೆಳಿಗ್ಗೆ ಕೊಡಬೇಕು. ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ. ನಿಮ್ಮ ಸ್ವಭಾವಕ್ಕೆ ಯಾವುದು ಒಗ್ಗುತ್ತದೆ ಅನ್ನುವುದಷ್ಟೇ ಮುಖ್ಯ.

ಇದನ್ನು ಕಂಡುಕೊಳ್ಳುವುದು ಅಂಥ ಕಷ್ಟವಲ್ಲ. ಕಳೆದ ಆರು ತಿಂಗಳಲ್ಲಿ ಯಾವ ಕೆಲಸ ಮಾಡುವಾಗ ಊಟದ ಹೊತ್ತು ಮೀರಿತು? ಹೊರಗೆ ಹೋಗಿ ತೆಗೆಯುವಾಗಲೋ, ಬಂದು ಕಂಪ್ಯೂಟರ್ ಮುಂದೆ ಕೂತಾಗಲೋ, ಜನರನ್ನು ಒಪ್ಪಿಸಿ ಒಂದು ಕಡೆ ಸೇರಿಸುವಾಗಲೋ? ಮೂರನೆಯದು ನಿಮಗೆ ಖುಷಿ ಕೊಟ್ಟರೆ ನಿಮ್ಮೊಳಗೆ ಒಬ್ಬ ನಿರ್ಮಾಪಕ ಇದ್ದಾನೆ ಅಂತ ಅರ್ಥ. ಹದಿನೆಂಟರ ವಯಸ್ಸಿನಲ್ಲಿ ಯಾರಿಗೂ ಅದು ಬೇಕಾಗಿರುವುದಿಲ್ಲ, ಎಲ್ಲರಿಗೂ ನಿರ್ದೇಶಕರೇ ಆಗಬೇಕು!

ಈಗ ಕೋರ್ಸಿನ ಹೆಸರುಗಳಿಗೆ ಬರೋಣ. ಹೆಸರು ನೋಡಿ ಮೋಸಹೋಗುವವರು ತುಂಬಾ ಜನ. ‘ಫಿಲ್ಮ್ ಸ್ಟಡೀಸ್’ ಅಂತ ಇದ್ದರೆ ಹೆಚ್ಚಿನ ಕಡೆ ಅಲ್ಲಿ ಸಿನಿಮಾ ಮಾಡುವುದಿಲ್ಲ, ಸಿನಿಮಾದ ಬಗ್ಗೆ ಓದಿ ಬರೆಯುತ್ತಾರೆ. ಒಳ್ಳೆಯ ಓದೇ ಅದು. ಆದರೆ ಕ್ಯಾಮೆರಾ ಹಿಡಿಯಲು ಬಂದವರು ಮೊದಲ ವರ್ಷ ಪೂರ್ತಿ ಪ್ರಬಂಧ ಬರೆದು ಸುಸ್ತಾಗುತ್ತಾರೆ. ‘ಮೀಡಿಯಾ’, ‘ಕಮ್ಯುನಿಕೇಶನ್’ ಅಂತಿದ್ದರೆ ಪತ್ರಿಕೋದ್ಯಮ, ಜಾಹೀರಾತು, ಸಾರ್ವಜನಿಕ ಸಂಪರ್ಕ ಎಲ್ಲ ಸೇರಿ ವಿಡಿಯೊಗೆ ಉಳಿಯುವುದು ಎರಡೋ ಮೂರೋ ಪೇಪರ್. ‘ಪ್ರೊಡಕ್ಷನ್’ ಅಂತಿದ್ದರೆ ಕೈ ಕೆಲಸ ಇರುತ್ತದೆ. ಆದರೆ ಅಲ್ಲೂ ಎರಡು ಬಗೆ. ಕೆಲವು ಶಾಲೆಗಳು ಮೊದಲ ದಿನದಿಂದಲೇ ನೀವು ಛಾಯಾಗ್ರಹಣ, ನೀವು ಸಂಕಲನ, ನೀವು ಧ್ವನಿ ಅಂತ ಬೇರೆ ಬೇರೆ ಮಾಡಿಬಿಡುತ್ತವೆ. ಇನ್ನು ಕೆಲವು ಕಡೆ ಮೊದಲ ಒಂದು ವರ್ಷ ಎಲ್ಲರೂ ಎಲ್ಲವನ್ನೂ ಕಲಿಯುತ್ತಾರೆ, ಆಮೇಲೆ ಆಯ್ಕೆ. ಶಾಲೆಯಿಂದ ನೇರ ಬರುವ ಮಕ್ಕಳಿಗೆ ಎರಡನೆಯದೇ ವಾಸಿ ಅಂತ ನನ್ನ ಅಭಿಪ್ರಾಯ. ಬೂಮ್, ಅಂದರೆ ಉದ್ದ ಕೋಲಿನ ತುದಿಯ ಮೈಕು, ಹಿಡಿದೇ ಗೊತ್ತಿಲ್ಲದವರಿಗೆ ಸೌಂಡ್ ಇಷ್ಟವೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಡಿಗ್ರಿಯ ಅಕ್ಷರಗಳೂ ಒಂದು ಸುಳಿವು ಕೊಡುತ್ತವೆ. ಅಮೆರಿಕದ ಪದ್ಧತಿಯಲ್ಲಿ ಬಿಎಫ್‌ಎ ಅನ್ನುವ ಲಲಿತಕಲೆಯ ಪದವಿ ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕಲೆಯ ಕೆಲಸವೇ, ಉಳಿದದ್ದು ಬೇರೆ ಓದು. ಬಿಎ ಆದರೆ ಬಹುಮಟ್ಟಿಗೆ ಇದರ ತಿರುಗುಮುರುಗು. ಆದರೆ ಅಕ್ಷರವನ್ನೇ ನಂಬಿ ಕೂರಬೇಡಿ. ಪ್ರತಿ ಸೆಮಿಸ್ಟರಿನ ಪೇಪರ್ ಪಟ್ಟಿ ತರಿಸಿಕೊಂಡು, ಯಾವುದರ ಕೊನೆಗೆ ಪರೀಕ್ಷೆ, ಯಾವುದರ ಕೊನೆಗೆ ಮಾಡಿ ಮುಗಿಸಿದ ಕೆಲಸ ಅಂತ ಗುರುತು ಹಾಕುತ್ತಾ ಹೋಗಿ. ಅರ್ಧ ಗಂಟೆ ಸಾಕು. ಬ್ರೋಷರ್ ಹತ್ತು ಸಲ ಓದುವುದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ನಾನು ಮೊದಲೇ ಹೇಳಿದ ಪ್ರಶ್ನೆ ಈಗ ಬಂತು: ಎಷ್ಟು ಕೆಲಸ ಮುಗಿಸುತ್ತೀರಿ, ಅದರಲ್ಲಿ ನಿಮ್ಮ ಪಾತ್ರ ಏನು? ಒಂದು ತರಗತಿಯಲ್ಲಿ ನಲವತ್ತು ಜನ ಇದ್ದಾರೆ ಅಂದುಕೊಳ್ಳಿ. ಕೊನೆಯ ವರ್ಷ ಎಂಟು ಸಿನಿಮಾ ಮಾಡುತ್ತಾರೆ. ಎಂಟು ಜನ ನಿರ್ದೇಶಕರು, ಎಂಟು ಜನ ಕ್ಯಾಮೆರಾ, ಎಂಟು ಜನ ಎಡಿಟಿಂಗ್, ಎಂಟು ಜನ ಸೌಂಡ್, ಎಂಟು ಜನ ಪ್ರೊಡಕ್ಷನ್. ಲೆಕ್ಕ ಸರಿಯಾಯಿತು. ಆದರೆ ಆ ಎಂಟು ಕಥೆಗಳನ್ನು ಆರಿಸುವವರು ಯಾರು? ಸಾಕಷ್ಟು ಕಡೆ ನಲವತ್ತು ಜನರೂ ಸ್ಕ್ರಿಪ್ಟ್ ಕೊಡುತ್ತಾರೆ, ಅಧ್ಯಾಪಕರ ಸಮಿತಿ ಎಂಟನ್ನು ಆರಿಸುತ್ತದೆ. ಉಳಿದ ಮೂವತ್ತೆರಡು ಜನ ಬೇರೆಯವರ ಸಿನಿಮಾಗೆ ದುಡಿಯುತ್ತಾರೆ. ಇದು ಅನ್ಯಾಯ ಅಂತಲ್ಲ, ವೃತ್ತಿಯಲ್ಲೂ ಹೀಗೇ ನಡೆಯುವುದು. ಆದರೆ ‘ನಾನು ನಿರ್ದೇಶನ ಕಲಿಯಲು ಹೋಗುತ್ತಿದ್ದೇನೆ’ ಅಂತ ನಾಲ್ಕು ವರ್ಷದ ಫೀಸು ಕಟ್ಟುವವರಿಗೆ ಈ ವಿಷಯ ಸೇರುವ ಮುಂಚೆ ಗೊತ್ತಿರಬೇಕು, ಮೂರನೇ ವರ್ಷದಲ್ಲಿ ಅಲ್ಲ.

ಕೊನೆಯ ದೊಡ್ಡ ಸಿನಿಮಾ ಬಗ್ಗೆ ಕಾಲೇಜಿನವರು ಉತ್ಸಾಹದಿಂದ ಹೇಳುತ್ತಾರೆ. ನೀವು ಮೊದಲ ವರ್ಷದ ಬಗ್ಗೆ ಕೇಳಿ. ಮೊದಲ ಆರು ತಿಂಗಳಲ್ಲಿ ಎರಡು ನಿಮಿಷದ ನಾಲ್ಕೈದು ಸಣ್ಣ ಕೆಲಸ ಮಾಡಿಸುತ್ತಾರಾ? ಮಾತಿಲ್ಲದೆ ಒಂದು, ಒಂದೇ ಶಾಟಿನಲ್ಲಿ ಒಂದು, ಬರೀ ಶಬ್ದದಲ್ಲಿ ಒಂದು, ಹೀಗೆ? ಅಂಥ ಕಡೆ ಕಲಿಕೆ ಬೇಗ ಆಗುತ್ತದೆ. ಸಣ್ಣ ಕೆಲಸ ಕೆಟ್ಟರೆ ಮುಂದಿನ ವಾರ ಇನ್ನೊಂದು ಮಾಡಬಹುದು. ನಾಲ್ಕು ವರ್ಷಕ್ಕೆ ಒಂದೇ ಸಿನಿಮಾ ಮಾಡಿ ಅದೂ ಕೆಟ್ಟರೆ ಏನು ಮಾಡುತ್ತೀರಿ? ಫೋಟೋಗ್ರಫಿಗೂ ಇದೇ ಮಾತು. ಒಂದು ವಿಷಯ ಹಿಡಿದು ಇಪ್ಪತ್ತು ಚಿತ್ರದ ಸರಣಿ ಮಾಡಿ, ಪ್ರಿಂಟ್ ತೆಗೆದು, ಗೋಡೆಗೆ ಹಾಕುವುದು ವರ್ಷಕ್ಕೆ ಎಷ್ಟು ಸಲ ಅಂತ ಕೇಳಿ. ಪ್ರಿಂಟೇ ತೆಗೆಸದ ಫೋಟೋಗ್ರಫಿ ಕೋರ್ಸ್ ಇದ್ದರೆ ನಾನಂತೂ ಸಂಶಯ ಪಡುತ್ತೇನೆ. ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣುವ ಫೋಟೊ ಕಾಗದದ ಮೇಲೆ ಎಷ್ಟೋ ಸಲ ಮಂಕಾಗುತ್ತದೆ. ಕಪ್ಪಿನೊಳಗೆ ವಿವರ ಇದೆಯೋ ಇಲ್ಲವೋ ಅಲ್ಲೇ ತಿಳಿಯುವುದು.

ಇದರ ಜೊತೆಗೇ ಕೇಳಬೇಕಾದ ಎರಡು ಒಣ ಪ್ರಶ್ನೆಗಳು. ಸಿನಿಮಾದ ಖರ್ಚು ಯಾರದ್ದು? ಫೀಸಿನಲ್ಲಿ ಅದು ಸೇರಿರುವುದು ಅಪರೂಪ. ಹಾರ್ಡ್‌ಡಿಸ್ಕ್, ಓಡಾಟ, ಸೆಟ್ಟಿನಲ್ಲಿ ಎಲ್ಲರ ಊಟ, ಚಿತ್ರೋತ್ಸವಗಳ ಪ್ರವೇಶ ಶುಲ್ಕ ಎಲ್ಲ ಸೇರಿದರೆ ಕೊನೆಯ ವರ್ಷ ದೊಡ್ಡ ಮೊತ್ತವೇ ಆಗುತ್ತದೆ. ಎರಡನೆಯದು, ಮಾಡಿದ ಸಿನಿಮಾದ ಹಕ್ಕು ಯಾರದ್ದು? ಕೆಲವು ಶಾಲೆಗಳಲ್ಲಿ ವಿದ್ಯಾರ್ಥಿಯದು, ಕೆಲವು ಕಡೆ ಶಾಲೆಯದು, ಕೆಲವು ಕಡೆ ಇಬ್ಬರದೂ. ಸೇರುವಾಗ ಸಹಿ ಹಾಕುವ ಕಾಗದದಲ್ಲಿ ಇರುತ್ತದೆ, ಓದಿ.

ಸಲಕರಣೆಗಳ ವಿಷಯಕ್ಕೆ ಬರೋಣ. ಎಲ್ಲರೂ ಮರುಳಾಗುವುದು ಇಲ್ಲೇ. ಬ್ರೋಷರ್‌ನಲ್ಲಿ ದೊಡ್ಡ ಸಿನಿಮಾ ಕ್ಯಾಮೆರಾ ಇರುತ್ತದೆ, ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡ ಒಂದು ಹುಡುಗಿ ನಿಂತಿರುತ್ತಾಳೆ. ಆ ಕ್ಯಾಮೆರಾ ಎಷ್ಟಿದೆ, ಯಾವ ವರ್ಷದವರ ಕೈಗೆ ಸಿಗುತ್ತದೆ, ಒಬ್ಬರಿಗೆ ಎಷ್ಟು ದಿನ, ಇದನ್ನು ಕೇಳಿ. ಇನ್ನೂ ಒಳ್ಳೆಯದು, ಸಲಕರಣೆ ಕೊಡುವ ಕೋಣೆಗೆ ಹೋಗಿ ಹತ್ತು ನಿಮಿಷ ನಿಂತುಕೊಳ್ಳಿ. ಪ್ರತಿ ಕಾಲೇಜಿನಲ್ಲೂ ಅಂಥ ಒಂದು ಕೋಣೆ ಇರುತ್ತದೆ. ಒಂದು ಕೌಂಟರ್, ಹಿಂದೆ ಕಪಾಟು, ಒಬ್ಬ ಉಸ್ತುವಾರಿ, ಒಂದು ರಿಜಿಸ್ಟರ್. ಕೇಬಲ್‌ಗಳು ನೀಟಾಗಿ ಸುತ್ತಿ ನೇತುಹಾಕಿವೆಯಾ, ಗಂಟುಗಂಟಾಗಿ ಡಬ್ಬದಲ್ಲಿ ಬಿದ್ದಿವೆಯಾ? ಬ್ಯಾಟರಿಗಳು ಚಾರ್ಜರ್ ಮೇಲಿವೆಯಾ? ಟ್ರೈಪಾಡುಗಳಲ್ಲಿ ಕ್ಯಾಮೆರಾ ಕೂರಿಸುವ ಪ್ಲೇಟ್ ಇದೆಯಾ? ಈ ಪ್ಲೇಟ್ ಅಂಗೈಯಷ್ಟೂ ಇಲ್ಲದ ಸಣ್ಣ ತುಂಡು, ಎಲ್ಲ ಕಡೆ ಮೊದಲು ಕಳೆದುಹೋಗುವುದು ಅದೇ. ಅದಿಲ್ಲದಿದ್ದರೆ ಟ್ರೈಪಾಡ್ ಇದ್ದೂ ಇಲ್ಲದ ಹಾಗೆ. ರಿಜಿಸ್ಟರ್ ನೋಡಲು ಬಿಟ್ಟರೆ ನೋಡಿ. ದಿನವೂ ಸಾಲು ತುಂಬಿದ್ದರೆ ಅಲ್ಲಿ ಮಕ್ಕಳು ಕೆಲಸ ಮಾಡುತ್ತಿದ್ದಾರೆ. ಖಾಲಿ ಪುಟಗಳಿದ್ದರೆ ಕಪಾಟು ಪ್ರದರ್ಶನಕ್ಕೆ ಇದೆ.

ಅಲ್ಲೇ ಸೌಂಡ್ ಸಲಕರಣೆ ಎಲ್ಲಿದೆ ಅಂತಲೂ ನೋಡಿ. ಕ್ಯಾಮೆರಾ ಹತ್ತಿದ್ದು, ಒಳ್ಳೆಯ ರೆಕಾರ್ಡರ್ ಎರಡೇ ಇದ್ದರೆ ಆ ವಿಭಾಗಕ್ಕೆ ಶಬ್ದ ಅಂದರೆ ತಾತ್ಸಾರ ಅಂತ ಲೆಕ್ಕ. ವಿದ್ಯಾರ್ಥಿಗಳ ಸಿನಿಮಾಗಳಲ್ಲಿ ಎಷ್ಟೋ ಕೆಡುವುದು ಚಿತ್ರದಿಂದ ಅಲ್ಲ, ಶಬ್ದದಿಂದ. ಮಂಕಾದ ಚಿತ್ರವನ್ನು ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಸೌಂಡಿಗೆ ಪೂರ್ಣಾವಧಿ ಅಧ್ಯಾಪಕರೊಬ್ಬರು ಇದ್ದರೆ ಆ ಕಾಲೇಜಿಗೆ ನಾನು ಹತ್ತು ಅಂಕ ಜಾಸ್ತಿ ಕೊಡುತ್ತೇನೆ.

ಮತ್ತೆ, ನಾಲ್ಕು ವರ್ಷದಲ್ಲಿ ಕ್ಯಾಮೆರಾ ಹಳೆಯದಾಗುತ್ತದೆ. ಬೆಳಕು ಹಳೆಯದಾಗುವುದಿಲ್ಲ. ಲೈಟನ್ನು ಎರಡರಷ್ಟು ದೂರ ಸರಿಸಿದರೆ ಮುಖದ ಮೇಲೆ ಬೀಳುವ ಬೆಳಕು ಅರ್ಧ ಆಗುವುದಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಎರಡು ಸ್ಟಾಪ್, ಬೆಳಕು ಒಮ್ಮೆ ಅರ್ಧ ಆದರೆ ಒಂದು ಸ್ಟಾಪ್. ಟಂಗ್‌ಸ್ಟನ್ ಸ್ಟುಡಿಯೊ ಬಲ್ಬು 3200 ಕೆಲ್ವಿನ್, ಹಗಲು ಸುಮಾರು 5600. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ. ಎರಡನ್ನೂ ಒಂದೇ ಫ್ರೇಮಿನಲ್ಲಿ ಬೆರೆಸಿದರೆ ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ನೀಲಿ. ಸೆಕೆಂಡಿಗೆ 24 ಫ್ರೇಮಿನಲ್ಲಿ ಶೂಟ್ ಮಾಡುವಾಗ ಶಟರ್ ವೇಗ ಸೆಕೆಂಡಿನ 1/48ರ ಆಸುಪಾಸು ಇಟ್ಟರೆ ಚಲನೆ ಕಣ್ಣಿಗೆ ಸಹಜ ಅನ್ನಿಸುತ್ತದೆ. ಇವೆಲ್ಲ ಯಾವ ಕಂಪನಿಯ ಕ್ಯಾಮೆರಾ ಬಂದರೂ ಬದಲಾಗುವುದಿಲ್ಲ. ಇದನ್ನು ಕೈಯಲ್ಲಿ ಮಾಡಿಸಿ ಕಲಿಸುತ್ತಾರಾ ಅಂತ ನೋಡಿ. ‘ಅಡೋಬಿ ಪ್ರೀಮಿಯರ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಕಲಿಸುತ್ತೇವೆ’ ಅನ್ನುವುದಕ್ಕೆ ಯಾರೂ ಫೀಸು ಕಟ್ಟಬೇಕಿಲ್ಲ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ಗೆ ಪುಕ್ಕಟೆ ಆವೃತ್ತಿಯೇ ಇದೆ, ಎಡಿಟಿಂಗು, ಬಣ್ಣ ಹದ ಮಾಡುವ ಕಲರ್ ಗ್ರೇಡಿಂಗು ಎರಡೂ ಅದರಲ್ಲಿ ಆಗುತ್ತವೆ. ಗುಂಡಿ ಎಲ್ಲಿದೆ ಅನ್ನುವುದು ಮನೆಯಲ್ಲೇ ಕೂತು ಕಲಿಯುವ ವಿಷಯ. ಎಲ್ಲಿ ಕಟ್ ಮಾಡಬೇಕು ಅನ್ನುವುದಕ್ಕೆ ಮಾತ್ರ ಗುರು ಬೇಕು.

ಸಲಕರಣೆ ಇಲ್ಲದೆಯೂ ಪಾಠ ನಡೆಯುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಒಂದಿದೆ. 1919ರಲ್ಲಿ ಮಾಸ್ಕೋದಲ್ಲಿ ಸಿನಿಮಾ ಶಾಲೆ ಶುರುವಾಯಿತು. ಇವತ್ತಿಗೂ ನಡೆಯುತ್ತಿರುವ ಸಿನಿಮಾ ಶಾಲೆಗಳಲ್ಲಿ ಅದೇ ಅತ್ಯಂತ ಹಳೆಯದು. ಆಗ ಅಲ್ಲಿ ಫಿಲ್ಮಿಗೇ ಬರ. ಕ್ಯಾಮೆರಾಗೆ ತುಂಬಿಸಲು ರೀಲೇ ಇಲ್ಲ. ಅಲ್ಲಿ ಪಾಠ ಮಾಡುತ್ತಿದ್ದ ನಿರ್ದೇಶಕ ಲೆವ್ ಕುಲೆಶೋವ್ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ‘ಫಿಲ್ಮ್ ಇಲ್ಲದ ಫಿಲ್ಮ್’ ಅಂತ ರಂಗದ ಮೇಲೆ ಶಾಟ್ ಶಾಟ್ ಆಗಿ ಆಡಿಸಿದ. ಇದ್ದ ಹಳೆಯ ತುಣುಕುಗಳನ್ನೇ ಹಿಂದುಮುಂದು ಜೋಡಿಸಿ ಪ್ರಯೋಗ ಮಾಡಿದ. ಒಬ್ಬ ನಟನ ಅದೇ ಮುಖ, ಪಕ್ಕದಲ್ಲಿ ಬೇರೆ ಬೇರೆ ಶಾಟ್ ಇಟ್ಟಾಗ ನೋಡುವವರಿಗೆ ಬೇರೆ ಬೇರೆ ಭಾವ ಕಾಣಿಸುತ್ತದೆ ಅನ್ನುವ ಪಾಠ ಅಲ್ಲಿಂದಲೇ ಬಂದದ್ದು. ಇವತ್ತಿಗೂ ಎಡಿಟಿಂಗ್ ತರಗತಿ ಅದರಿಂದಲೇ ಶುರುವಾಗುತ್ತದೆ. ಅವನ ಗುಂಪಿನಲ್ಲಿದ್ದ ಪುಡೋವ್ಕಿನ್ ಆಮೇಲೆ ದೊಡ್ಡ ನಿರ್ದೇಶಕನಾದ. ಹಾಗಂತ ಸಲಕರಣೆ ಬೇಡ ಅಂತಲ್ಲ. ಕಲಿಸುವವರು ಗಟ್ಟಿ ಇದ್ದರೆ ಕೊರತೆಯಲ್ಲೂ ಕೆಲಸ ತೆಗೆಸುತ್ತಾರೆ, ಇಲ್ಲದಿದ್ದರೆ ಸ್ಟುಡಿಯೊ ಕಟ್ಟಿಕೊಟ್ಟರೂ ಅಷ್ಟೇ.

ಈ ಉತ್ತರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ವಿಮರ್ಶೆ ತರಗತಿ, ಅಂದರೆ ನಿಮ್ಮ ಕೆಲಸವನ್ನು ಎಲ್ಲರ ಮುಂದೆ ಹಾಕಿ ಮಾತಾಡುವ ತರಗತಿ. ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಲು ಅನುಮತಿ ಕೇಳಿ. ಒಳ್ಳೆಯ ಕಾಲೇಜುಗಳು ಬಿಡುತ್ತವೆ. ಬಿಡದಿದ್ದರೆ ಅದೂ ಒಂದು ಉತ್ತರವೇ.

ಒಳ್ಳೆಯ ವಿಮರ್ಶೆ ಹೇಗಿರುತ್ತದೆ ಅಂದರೆ, ವಿದ್ಯಾರ್ಥಿಯ ನಾಲ್ಕು ನಿಮಿಷದ ಸಿನಿಮಾ ಹಾಕುತ್ತಾರೆ. ಒಮ್ಮೆ ಪೂರ್ತಿ ನೋಡುತ್ತಾರೆ, ಯಾರೂ ಮಾತಾಡುವುದಿಲ್ಲ. ಆಮೇಲೆ ಮೊದಲಿಂದ ಹಾಕಿ, ಒಬ್ಬಳು ಬಾಗಿಲು ತೆಗೆದು ಒಳಗೆ ಬರುವ ಕಡೆ ಅಧ್ಯಾಪಕರು ನಿಲ್ಲಿಸುತ್ತಾರೆ. ‘ಇವಳು ಕೋಣೆಯಲ್ಲಿ ಯಾರನ್ನು ಮೊದಲು ನೋಡಿದಳು?’ ಉತ್ತರ ಇಲ್ಲ. ‘ನಮಗೂ ಗೊತ್ತಾಗಲಿಲ್ಲ. ಯಾಕೆ?’ ಹಿಂದಿನಿಂದ ಒಬ್ಬ ಹೇಳುತ್ತಾನೆ, ಅವಳ ನೋಟ ತಿರುಗುವ ಮುಂಚೆಯೇ ಕಟ್ ಆಗಿದೆ. ಅಧ್ಯಾಪಕರು ಕಟ್ಟನ್ನು ಹನ್ನೆರಡು ಫ್ರೇಮ್, ಅಂದರೆ ಅರ್ಧ ಸೆಕೆಂಡ್, ಮುಂದಕ್ಕೆ ತಳ್ಳಿ ತೋರಿಸುತ್ತಾರೆ. ಈಗ ನೋಟ ತಿರುಗುವುದು ಕಾಣುತ್ತದೆ, ಮುಂದಿನ ಶಾಟಿಗೆ ಅರ್ಥ ಬರುತ್ತದೆ. ತರಗತಿಯಲ್ಲಿ ಒಂದು ಸಣ್ಣ ಗುಸುಗುಸು. ನಾಲ್ಕು ನಿಮಿಷದ ಸಿನಿಮಾಗೆ ಹೀಗೆ ಒಂದೂವರೆ ಗಂಟೆ ಹೋಗುತ್ತದೆ. ಫೋಟೋಗ್ರಫಿಯಲ್ಲೂ ಇದೇ ಬಗೆ. ಗೋಡೆಯ ಮೇಲೆ ಇಪ್ಪತ್ತು ಪ್ರಿಂಟ್ ಅಂಟಿಸಿರುತ್ತಾರೆ, ಒಂದೊಂದಾಗಿ ತೆಗೆಯುತ್ತಾ ಬರುತ್ತಾರೆ. ‘ಇದು ಇದ್ದಿದ್ದೇ ಮತ್ತೆ ಹೇಳುತ್ತಿದೆ. ಇದು ಚೆಂದ ಇದೆ, ಆದರೆ ಬೇರೆ ಸರಣಿಯದು.’ ಕೊನೆಗೆ ಏಳು ಉಳಿಯುತ್ತವೆ, ಆ ಏಳು ಮೊದಲಿನ ಇಪ್ಪತ್ತಕ್ಕಿಂತ ಜಾಸ್ತಿ ಹೇಳುತ್ತವೆ.

ಕೆಟ್ಟ ವಿಮರ್ಶೆಯಲ್ಲಿ ಎರಡು ಜಾತಿ. ಒಂದು, ‘ಚೆನ್ನಾಗಿದೆ, ಇನ್ನೂ ಸ್ವಲ್ಪ ಪ್ರಯತ್ನ ಮಾಡಿ’ ಅಂತ ಹೇಳಿ ಮುಂದಕ್ಕೆ ಹೋಗುವುದು. ಇನ್ನೊಂದು, ಅಧ್ಯಾಪಕರು ತಮ್ಮ ಜಾಣತನ ತೋರಿಸಲು ಹುಡುಗರು ಅಳುವ ಹಾಗೆ ಮಾಡುವುದು. ಎರಡರಲ್ಲೂ ಕೆಲಸದ ಬಗ್ಗೆ ಮಾತೇ ಇರುವುದಿಲ್ಲ. ಎರಡನೆಯದನ್ನು ಕೆಲವರು ‘ಸ್ಟ್ರಿಕ್ಟು’ ಅಂತ ಹೊಗಳುತ್ತಾರೆ. ನಾನು ಹೊಗಳುವುದಿಲ್ಲ.

ಅಧ್ಯಾಪಕರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವೆಬ್‌ಸೈಟಿನಲ್ಲಿ ದೊಡ್ಡ ಹೆಸರು ಇದ್ದರೆ, ಅವರು ವಾರಕ್ಕೆ ಎಷ್ಟು ಗಂಟೆ ಬರುತ್ತಾರೆ ಅಂತ ಕೇಳಿ. ವರ್ಷಕ್ಕೊಮ್ಮೆ ಬಂದು ಭಾಷಣ ಮಾಡಿ ಫೋಟೊ ತೆಗೆಸಿಕೊಂಡು ಹೋಗುವವರು ನಿಮ್ಮ ಗುರುಗಳಲ್ಲ. ಈಗಲೂ ಹೊರಗೆ ಕೆಲಸ ಮಾಡುತ್ತಿರುವವರು ಒಂದಿಬ್ಬರು, ಪೂರ್ಣಾವಧಿ ಇದ್ದು ಎಲ್ಲ ಮಕ್ಕಳ ಹೆಸರು ಗೊತ್ತಿರುವವರು ಒಂದಿಬ್ಬರು, ಇಬ್ಬಗೆಯವರೂ ಬೇಕು. ಇದನ್ನು ಕಾಲೇಜು ತೋರಿಸಲು ಕರೆದುಕೊಂಡು ಹೋಗುವವರನ್ನು ಕೇಳಬೇಡಿ. ಕ್ಯಾಂಟೀನಿಗೆ ಹೋಗಿ ಎರಡನೇ ವರ್ಷದವರನ್ನು ಕೇಳಿ. ಮೊದಲ ವರ್ಷದವರಿಗೆ ಇನ್ನೂ ಮೋಹ ಇರುತ್ತದೆ, ಕೊನೆಯ ವರ್ಷದವರಿಗೆ ನಿದ್ದೆ ಇರುವುದಿಲ್ಲ.

ಹಾಗೇ ವಿದ್ಯಾರ್ಥಿಗಳ ಸಿನಿಮಾ ನೋಡುವಾಗ ಪ್ರಶಸ್ತಿ ಬಂದದ್ದನ್ನು ಬಿಟ್ಟು ಸಾಧಾರಣದ್ದನ್ನು ತೋರಿಸಿ ಅನ್ನಿ. ಪ್ರತಿಭಾವಂತರು ಎಲ್ಲಿದ್ದರೂ ಏನೋ ಮಾಡುತ್ತಾರೆ, ಅದರಿಂದ ಕಾಲೇಜಿನ ಯೋಗ್ಯತೆ ತಿಳಿಯುವುದಿಲ್ಲ. ನಡುವಿನ ಸಾಲಿನ ವಿದ್ಯಾರ್ಥಿ ಮೂರನೇ ವರ್ಷದಲ್ಲಿ ಮಾಡಿದ ಕೆಲಸ ನೋಡಿ. ಮಾತು ಸ್ಪಷ್ಟವಾಗಿ ಕೇಳುತ್ತದಾ? ಯಾರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗುತ್ತದಾ? ಕಥೆ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯಿತಾ? ಇಷ್ಟು ಇದ್ದರೆ ಅಲ್ಲಿ ಪಾಠ ನಡೆಯುತ್ತಿದೆ.

ಇನ್ನು ಅಪ್ಪನ ಪ್ರಶ್ನೆ. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ಈ ಕ್ಷೇತ್ರದಲ್ಲಿ ಡಾಕ್ಟರಿಗೆ, ವಕೀಲರಿಗೆ ಇರುವ ಹಾಗೆ ಪರವಾನಗಿ ಇಲ್ಲ. ಸೆಟ್ಟಿನಲ್ಲಿ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ, ಏನು ಮಾಡಿದ್ದೀರಿ ತೋರಿಸಿ ಅನ್ನುತ್ತಾರೆ, ಯಾರ ಜೊತೆ ಮಾಡಿದ್ದೀರಿ ಅಂತ ಕೇಳುತ್ತಾರೆ. ಡಿಗ್ರಿ ಬೇಕಾಗುವುದು ಮುಂದೆ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದಾಗ, ಹೊರದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಹೋಗಬೇಕು ಅಂದಾಗ, ಅಥವಾ ದಾರಿ ಬದಲಿಸಿ ಬೇರೆ ಕೆಲಸಕ್ಕೆ ಅರ್ಜಿ ಹಾಕಬೇಕು ಅಂದಾಗ. ಮೂರನೆಯದು ನಡೆಯುವುದೇ ಇಲ್ಲ ಅಂತ ಯಾರೂ ಹೇಳಲಾರರು.

ಕೆಲಸ ಅಂದರೆ ನಿರ್ದೇಶಕ, ಕ್ಯಾಮೆರಾಮನ್ ಎರಡೇ ಅಂತ ಅಂದುಕೊಂಡರೆ ಅಪ್ಪನಿಗೆ ಹೆದರಿಕೆ ಆಗುವುದು ಸಹಜ. ಫೋಕಸ್ ಎಳೆಯುವ ಅಸಿಸ್ಟೆಂಟ್, ಸೆಟ್ಟಿನಲ್ಲಿ ಡೇಟಾ ಕಾಪಿ ಮಾಡಿ ಕಾಯುವವರು, ಅಸಿಸ್ಟೆಂಟ್ ಎಡಿಟರ್, ಡೈಲಾಗ್ ಎಡಿಟರ್, ಕಲರಿಸ್ಟ್, ಸಬ್‌ಟೈಟಲ್ ಮಾಡುವವರು, ಆಸ್ಪತ್ರೆ, ಮ್ಯೂಸಿಯಂ, ವಿಶ್ವವಿದ್ಯಾಲಯಗಳ ವಿಡಿಯೊ ವಿಭಾಗ, ಆನ್‌ಲೈನ್ ಅಂಗಡಿಗಳಿಗೆ ವಸ್ತುಗಳ ಫೋಟೊ ತೆಗೆಯುವವರು, ಹಳೆಯ ಫಿಲ್ಮ್ ಸ್ಕ್ಯಾನ್ ಮಾಡಿ ಉಳಿಸುವವರು. ಬಹುತೇಕ ಜನ ಹೀಗೇ ಶುರು ಮಾಡುತ್ತಾರೆ, ಎಷ್ಟೋ ಜನ ಅಲ್ಲೇ ಚೆನ್ನಾಗಿ ಬದುಕುತ್ತಾರೆ. ಕಾಲೇಜನ್ನು ಕೇಳಬೇಕಾದದ್ದು ‘ನಿಮ್ಮಲ್ಲಿ ಓದಿದ ಅತಿ ಪ್ರಸಿದ್ಧರು ಯಾರು’ ಅಂತ ಅಲ್ಲ. ‘ಐದು ವರ್ಷದ ಹಿಂದೆ ಮುಗಿಸಿದ ಬ್ಯಾಚಿನವರು ಈಗ ಏನು ಮಾಡುತ್ತಿದ್ದಾರೆ’ ಅಂತ. ಪಟ್ಟಿ ತೆಗೆದು ತೋರಿಸುವ ಕಾಲೇಜಿಗೆ ತನ್ನ ಮಕ್ಕಳ ಬಗ್ಗೆ ಕಾಳಜಿ ಇದೆ. ಬಿಲ್ ಬರೆಯುವುದು, ಕರಾರು ಓದುವುದು, ಫೋಟೊ ಬಳಸಲು ಅನುಮತಿ ಮಾರುವುದು, ಇದನ್ನು ಒಂದು ಪೇಪರಿನಲ್ಲಾದರೂ ಕಲಿಸುತ್ತಾರಾ ಅಂತಲೂ ಕೇಳಿ. ಕೈಯಲ್ಲಿ ಕಲೆ ಇದ್ದೂ ದುಡ್ಡು ವಸೂಲಿ ಮಾಡಲು ಬಾರದವರು ಈ ಕ್ಷೇತ್ರದ ತುಂಬ ಇದ್ದಾರೆ.

ಹಾಗಾದರೆ ಕಾಲೇಜಿಗೆ ಯಾಕೆ ಹೋಗಬೇಕು, ಫೋನ್ ಇದೆಯಲ್ಲ, ಪಾಠಗಳೆಲ್ಲ ನೆಟ್‌ನಲ್ಲಿ ಇವೆಯಲ್ಲ ಅಂದರೆ, ನಾನು ವಾದ ಮಾಡುವುದಿಲ್ಲ. ಹಾಗೆ ಕಲಿತು ಮೇಲೆ ಬಂದವರು ಇದ್ದಾರೆ. ನೆಟ್ಟಿನಲ್ಲಿ ಸಿಗದೆ ಇರುವುದು ಕೆಲವೇ ಸಂಗತಿಗಳು. ಈ ತಾರೀಕಿನೊಳಗೆ ಮುಗಿಸಲೇಬೇಕು ಅನ್ನುವ ಒತ್ತಡ, ಮುಖ ನೋಡಿ ತಪ್ಪು ಹೇಳುವವರು, ಮತ್ತು ರಾತ್ರಿ ಎರಡು ಗಂಟೆಗೆ ನಿಮ್ಮ ಸಿನಿಮಾಗೆ ಲೈಟ್ ಹಿಡಿದು ನಿಲ್ಲುವ ಸಹಪಾಠಿಗಳು. ಮುಂದೆ ನಿಮ್ಮನ್ನು ಕೆಲಸಕ್ಕೆ ಕರೆಯುವವರು ಹೆಚ್ಚಾಗಿ ಅವರೇ. ಇಷ್ಟು ಸಿಗುವ ಕಡೆ ಫೀಸು ಕಟ್ಟಬಹುದು. ಆದರೆ ಎಷ್ಟು? ಇದರಲ್ಲಿ ನಾನು ಸ್ವಲ್ಪ ಕಟುವಾಗಿದ್ದೇನೆ. ಈ ವೃತ್ತಿಯಲ್ಲಿ ಮೊದಲ ನಾಲ್ಕೈದು ವರ್ಷ ಅಸಿಸ್ಟೆಂಟ್ ಸಂಬಳ, ಅದೂ ತಿಂಗಳು ತಿಂಗಳು ಬರುವುದಿಲ್ಲ. ಆ ಸಂಬಳದಲ್ಲಿ ಕಂತು ಕಟ್ಟಲು ಆಗದಷ್ಟು ಸಾಲ ಮಾಡಿ ಯಾವ ಕಾಲೇಜಿಗೂ ಸೇರಬೇಡಿ, ಅದು ಎಷ್ಟೇ ಹೆಸರುವಾಸಿಯಾಗಿರಲಿ. ಸಾಲ ಇದ್ದವರು ಒಳ್ಳೆಯ ಸಿನಿಮಾಗೆ ಕಡಿಮೆ ದುಡ್ಡಿಗೆ ಹೋಗುವ ಧೈರ್ಯ ಮಾಡಲಾರರು, ಮೊದಲು ಸಿಕ್ಕ ಯಾವುದೋ ಕೆಲಸಕ್ಕೆ ಕಟ್ಟುಬೀಳುತ್ತಾರೆ.

ಈಗ ನಿಮ್ಮ ಕೆಲಸ. ಹನ್ನೆರಡು ಫೋಟೊಗಳಲ್ಲಿ ನಾಲ್ಕು ಚೆನ್ನಾಗಿವೆ, ಬಾಕಿ ಎಲ್ಲರೂ ತೆಗೆಯುವಂಥವು. ಸೂರ್ಯಾಸ್ತ ಮೂರಿವೆ, ಮೂರನ್ನೂ ತೆಗೆದುಹಾಕಿ. ಆದರೆ ವಿಡಿಯೊ ಬೇರೆಯೇ ಲೆಕ್ಕ. ದರ್ಜಿ ಹೊಲಿಯುತ್ತಿದ್ದಾನೆ, ನೀವು ಬೀದಿಗೆ ಕಟ್ ಮಾಡುತ್ತೀರಿ, ಹೊಲಿಗೆ ಯಂತ್ರದ ಸದ್ದು ಮಾತ್ರ ನಿಲ್ಲುವುದಿಲ್ಲ. ಬೀದಿಯ ಮೇಲೂ ಹರಿಯುತ್ತದೆ, ಒಬ್ಬ ಹೊಸ ಅಂಗಿ ಹಾಕಿಕೊಂಡು ನಡೆದು ಬರುವಾಗ ನಿಲ್ಲುತ್ತದೆ. ಇದನ್ನು ಯಾರೂ ನಿಮಗೆ ಹೇಳಿಕೊಟ್ಟಿಲ್ಲ ಅಂತ ಕಾಣುತ್ತದೆ. ಶಬ್ದವನ್ನು ಒಂದು ಶಾಟಿನಿಂದ ಇನ್ನೊಂದಕ್ಕೆ ದಾಟಿಸಬೇಕು ಅಂತ ತಾನಾಗಿ ಹೊಳೆಯುವವರು ಕಡಿಮೆ. ನಿಮ್ಮ ಫೋಟೊಗಳಲ್ಲಿ ಅಂಥ ಯೋಚನೆ ಎಲ್ಲೂ ಇಲ್ಲ. ಅಂದಮೇಲೆ ನಿಮ್ಮ ಒಲವು ಎಡಿಟಿಂಗ್ ಕಡೆ, ಸೌಂಡ್ ಕಡೆ ಅಂತ ನನ್ನ ಅಂದಾಜು. ಮೂರನೆಯ ದಾರಿ, ಅಂದರೆ ಫೋಟೋಗ್ರಫಿ ವಿಭಾಗ, ಬಿಡಿ. ಅಲ್ಲಿ ವಿಡಿಯೊ ಒಂದು ಪೇಪರ್ ಆಗಿಯೇ ಉಳಿಯುತ್ತದೆ, ನಿಮಗೆ ಬೇಕಾದ ಜೊತೆಗಾರರು ಅಲ್ಲಿ ಸಿಗುವುದಿಲ್ಲ.

ಉಳಿದ ಎರಡರಲ್ಲಿ ನಾನು ನಾಲ್ಕು ವರ್ಷದ ಡಿಗ್ರಿ ಅನ್ನುತ್ತೇನೆ. ಎರಡು ಷರತ್ತು ಇವೆ. ಮೊದಲ ವರ್ಷದಲ್ಲೇ ಕೈಗೆ ಕೆಲಸ ಕೊಡಬೇಕು, ಮತ್ತು ಮೇಲೆ ಹೇಳಿದ ಸಾಲದ ಲೆಕ್ಕ ದಾಟಬಾರದು. ಎರಡರಲ್ಲಿ ಒಂದು ತಪ್ಪಿದರೂ ಡಿಪ್ಲೊಮಾಗೆ ಹೋಗಿ. ಡಿಪ್ಲೊಮಾದಲ್ಲಿ ಕೈ ಪಳಗುತ್ತದೆ, ಬೇಗ ಸಂಪಾದನೆ ಶುರುವಾಗುತ್ತದೆ. ಸಿನಿಮಾ ನೋಡುವುದು, ಓದುವುದು ಅಲ್ಲಿ ಕಡಿಮೆ, ಅದನ್ನು ನೀವೇ ಮಾಡಿಕೊಳ್ಳಬೇಕು. ಡಿಪ್ಲೊಮಾ ಮುಗಿಸಿದವರನ್ನು ಯಾವ ಡಿಗ್ರಿಯ ಎರಡನೇ ಅಥವಾ ಮೂರನೇ ವರ್ಷಕ್ಕೆ ನೇರವಾಗಿ ತೆಗೆದುಕೊಳ್ಳುತ್ತಾರೆ ಅಂತ ಈಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಬೇಡ.

ಅರ್ಜಿಯ ಜೊತೆ ಕಳಿಸುವ ಪೋರ್ಟ್‌ಫೋಲಿಯೊದಲ್ಲಿ ದರ್ಜಿಯ ವಿಡಿಯೊವನ್ನೇ ಮೊದಲು ಇಡಿ. ನೋಡುವವರ ಮುಂದೆ ನೂರಾರು ಅರ್ಜಿ ಇರುತ್ತವೆ, ಮೊದಲ ಅರ್ಧ ನಿಮಿಷದಲ್ಲೇ ಅವರು ಅಂದಾಜು ಕಟ್ಟುತ್ತಾರೆ. ಶುರುವಿನ ಹೆಸರಿನ ಅನಿಮೇಶನ್ ಕಿತ್ತುಹಾಕಿ. ಕೊನೆಗೆ ಹಾಕಿರುವ ಪಿಯಾನೊ ಸಂಗೀತವೂ ಬೇಡ, ಅದು ನಿಮ್ಮದಲ್ಲ, ಹಕ್ಕಿನ ತಕರಾರೂ ಬರಬಹುದು. ಮತ್ತೆ ಆ ಅಂಗಡಿಗೆ ಹೋಗಿ, ಯಾರೂ ಮಾತಾಡದೆ ಮೂವತ್ತು ಸೆಕೆಂಡು ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಂಡು ಬನ್ನಿ. ಈಗ ಎರಡು ಕಡೆ ಶಬ್ದ ಪಟ್ಟನೆ ಸತ್ತುಹೋಗುತ್ತದೆ, ಅಲ್ಲಿ ಇದನ್ನು ಕೆಳಗೆ ಹಾಸಿದರೆ ಸರಿಹೋಗುತ್ತದೆ. ‘ಯಾಕೆ ಸಿನಿಮಾ ಓದಬೇಕು’ ಅಂತ ಬರೆಯುವ ಪತ್ರದಲ್ಲಿ ‘ಚಿಕ್ಕಂದಿನಿಂದ ಸಿನಿಮಾ ಅಂದರೆ ಪ್ರಾಣ’ ಅಂತ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಆ ಯಂತ್ರದ ಸದ್ದನ್ನು ಬೀದಿಯ ಮೇಲೆ ಯಾಕೆ ಹರಿಸಿದಿರಿ ಅಂತ ಬರೆಯಿರಿ, ಒಂದು ಪುಟ ಸಾಕು. ಮೂಲ ಫೈಲುಗಳನ್ನು ಎರಡು ಕಡೆ ಇಟ್ಟುಕೊಳ್ಳಿ, ಸಂದರ್ಶನದಲ್ಲಿ ಕೇಳಿದರೂ ಕೇಳಬಹುದು.

ಸೀಟು ಸಿಗದೆಯೂ ಹೋಗಬಹುದು. ಪೋಲೆಂಡಿನ ವುಜ್ ಸಿನಿಮಾ ಶಾಲೆ 1948ರಲ್ಲಿ ಶುರುವಾದದ್ದು, ದೊಡ್ಡ ಹೆಸರಿನ ಶಾಲೆ. ಮುಂದೆ ದೊಡ್ಡ ನಿರ್ದೇಶಕರಾದ ಕ್ರಿಶ್ಟೋಫ್ ಕಿಶ್ಲೊವ್‌ಸ್ಕಿಯನ್ನು ಅವರು ಎರಡು ಸಲ ಬೇಡ ಅಂದರು, ಮೂರನೇ ಸಲ ತೆಗೆದುಕೊಂಡರು. ರೋಜರ್ ಡೀಕಿನ್ಸ್ ಅಂತ ಛಾಯಾಗ್ರಾಹಕರ ಹೆಸರು ಕೇಳಿರಬಹುದು, ಎರಡು ಆಸ್ಕರ್ ಬಂದಿವೆ. ಇಂಗ್ಲೆಂಡಿನ ನ್ಯಾಷನಲ್ ಫಿಲ್ಮ್ ಸ್ಕೂಲ್ ಅವರನ್ನೂ ಮೊದಲ ಸಲ ಸೇರಿಸಿಕೊಳ್ಳಲಿಲ್ಲ. ಆ ಬಿಡುವಿನಲ್ಲಿ ಅವರು ಒಂದು ಕಲಾಕೇಂದ್ರದ ಪರವಾಗಿ ಉತ್ತರ ಡೆವನ್‌ನ ಹಳ್ಳಿಗಳ ಬದುಕನ್ನು ಫೋಟೊ ತೆಗೆಯುತ್ತಾ ಓಡಾಡಿದರು, 1972ರಲ್ಲಿ ಸೀಟು ಸಿಕ್ಕಿತು. ನಿಮಗೂ ಹಾಗಾದರೆ ಕ್ಯಾಮೆರಾ ಬಾಡಿಗೆಗೆ ಕೊಡುವ ಕಡೆ ಅಥವಾ ಎಡಿಟಿಂಗ್ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿಕೊಳ್ಳಿ, ಲೆನ್ಸ್ ಒರೆಸುವ ಕೆಲಸವಾದರೂ ಪರವಾಗಿಲ್ಲ, ಅಲ್ಲಿ ಬಂದುಹೋಗುವವರ ಮಾತು ಕೇಳಿಯೇ ಎಷ್ಟೋ ತಿಳಿಯುತ್ತದೆ. ಜೊತೆಗೆ ಮೂರು ನಿಮಿಷದ್ದು ಇನ್ನೆರಡು ಮಾಡಿ. ಮುಂದಿನ ವರ್ಷ ಅರ್ಜಿ ಹಾಕುವಾಗ ಹಳೆಯ ವಿಡಿಯೊವನ್ನೇ ಮತ್ತೆ ಕಳಿಸಬೇಡಿ, ಆಯ್ಕೆ ಸಮಿತಿಯಲ್ಲಿ ಹೆಚ್ಚುಕಡಿಮೆ ಅದೇ ಜನ ಇರುತ್ತಾರೆ, ಅವರಿಗೆ ನೆನಪಿರುತ್ತದೆ.